ಅಮ್ಮನ ಹಾಸಿಗೆ ಪಕ್ಕ ಕೂತು ಏನು ಓದಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು. ಮನೆಯಲ್ಲಿ ಕೂತು ಓದೋಕೆ, ಕೇಳೋಕೆ, ನೋಡೋಕೆ ಏನಾದರೂ ಹೇಳಿ, ಮನಸ್ಸಿಗೆ ಸ್ವಲ್ಪ ಬಲ ಬರುವಂಥದ್ದು ಬೇಕು, ಎಂದು. ಏಳು ಪತ್ರ ಆರಿಸಿಕೊಂಡಿದ್ದೇನೆ. ಉತ್ತರ ಹೇಳಲು ನನಗಿರುವ ಅರ್ಹತೆ ಇಷ್ಟೇ: ನಮ್ಮ ಚರ್ಚ್ ಸಭೆಯ ಪುಸ್ತಕದ ಬೀರುವಿನ ಬೀಗದ ಕೈ ಬಹಳ ವರ್ಷದಿಂದ ನನ್ನ ಸೆರಗಿನಲ್ಲಿದೆ. ಯಾವ ಪುಸ್ತಕ ಹೊರಗೆ ಹೋದರೆ ವಾಪಸ್ ಬರಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ವಾಪಸ್ ಬರದ ಪುಸ್ತಕವೇ ಒಳ್ಳೆ ಪುಸ್ತಕ, ಇದು ನನ್ನ ಲೆಕ್ಕ.

*

ಅಕ್ಕಾ, ನಮ್ಮ ಅಮ್ಮನಿಗೆ 76. ಸೊಂಟದ ಮೂಳೆ ಮುರಿದು 5 ತಿಂಗಳಿಂದ ಹಾಸಿಗೆ ಮೇಲೇ ಇದ್ದಾರೆ. ಮೊದಲು ಒಂದು ಭಾನುವಾರವೂ ಕನ್ನಡ ಆರಾಧನೆ ತಪ್ಪಿಸಿದವರಲ್ಲ. ಈಗ ಕಣ್ಣು ಮಂಜು, ಓದಲು ಆಗುವುದಿಲ್ಲ. ನಾನು ದಿನವಿಡೀ ಕ್ರೈಸ್ತ ಚಾನೆಲ್ ಹಾಕಿಡುತ್ತೇನೆ, ಆದರೂ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಏನು ಮಾಡಲಿ?
— ಮಗಳು, ಲಿಂಗರಾಜಪುರ

ಮೊದಲು ಟಿವಿ ಆರಿಸಮ್ಮ. ಮಲಗಿದ ಕಡೆಯೇ ಮಲಗಿದವರಿಗೆ ದಿನವಿಡೀ ಯಾರೋ ಗಟ್ಟಿಯಾಗಿ ಕೂಗಿ ಬೋಧಿಸುತ್ತಿದ್ದರೆ ಗೋಡೆಯೇ ವಾಸಿ ಅನಿಸುತ್ತದೆ. ನನಗಾದರೂ ಅನಿಸುತ್ತದೆ.

ನಿಮ್ಮ ಅಮ್ಮ ಕಿವಿಯಿಂದ ಬೈಬಲ್ ಕಲಿತ ತಲೆಮಾರಿನವರು. ಅವರ ಬಾಯಲ್ಲಿರುವುದು ಹಳೆಯ ಸತ್ಯವೇದದ, ಅಂದರೆ ಹಳೆಯ ಕನ್ನಡ ಬೈಬಲಿನ, ಮಾತು. "ಯೆಹೋವನು ನನಗೆ ಕುರುಬನು" ಎಂದು ನೀವು ಶುರು ಮಾಡಿದರೆ "ಕೊರತೆಪಡೆನು" ಎಂದು ಮುಂದಿನದನ್ನು ಅವರೇ ಮುಗಿಸುತ್ತಾರೆ, ಬೇಕಾದರೆ ಇವತ್ತೇ ಮಾಡಿ ನೋಡಿ. ಸರಳ ಕನ್ನಡದ ಹೊಸ ಅನುವಾದಗಳು ಬಂದಿವೆ, ಒಳ್ಳೆಯವೇ, ನನ್ನ ಮೊಮ್ಮಕ್ಕಳಿಗೆ ನಾನು ಅದನ್ನೇ ಕೊಡುತ್ತೇನೆ. ಆದರೆ ಈ ವಯಸ್ಸಿನಲ್ಲಿ ಅಮ್ಮನಿಗೆ ಮಾತು ಬದಲಾಯಿಸಬೇಡಿ. ಇಡೀ ಬೈಬಲ್ ಕನ್ನಡದಲ್ಲಿ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ಆಮೇಲೆ ಎಷ್ಟೋ ತಿದ್ದುಪಡಿ ಆಗಿದೆ, ಆದರೂ ಆ ನಡೆ, ಆ "ಕೊರತೆಪಡೆನು" ಎನ್ನುವ ಗತ್ತು, ನಮ್ಮ ಅಮ್ಮಂದಿರ ಉಸಿರಿನಲ್ಲೇ ಸೇರಿಹೋಗಿದೆ.

ಬೈಬಲಿನ ಕೀರ್ತನೆಗಳಲ್ಲಿ 120ರಿಂದ 134ರವರೆಗೆ 15 ಚಿಕ್ಕ ಹಾಡುಗಳಿವೆ. ಯಾತ್ರಾಗೀತೆ ಅಂತ ಮೇಲೆ ಬರೆದಿರುತ್ತದೆ. ಹಬ್ಬಕ್ಕೆ ಜೆರುಸಲೇಮಿಗೆ ಹೋಗುವ ಜನ ದಾರಿಯಲ್ಲಿ ಹಾಡಿಕೊಂಡು ಹೋಗುತ್ತಿದ್ದವು ಎನ್ನುತ್ತಾರೆ. ನಡೆಯಲು ಆಗದವರಿಗೆ ನಡೆಯುವವರ ಹಾಡು ಯಾಕೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಅತ್ತೆ ಕೊನೆಯ ವರ್ಷ ಕೇಳಿ ಕೇಳಿ ಓದಿಸಿಕೊಂಡದ್ದು ಇವನ್ನೇ. ದಿನಕ್ಕೊಂದು ಸಾಕು, ಸಂಜೆ ಕಾಫಿ ಕೊಟ್ಟ ಮೇಲೆ, ಎರಡು ನಿಮಿಷ. ಜಾಸ್ತಿ ಓದಬೇಡಿ.

ನೀವು ಕೆಲಸಕ್ಕೆ ಹೋದಾಗ ಕೇಳಲು ಫೋನಿನಲ್ಲಿ ಬೈಬಲ್ ಇದೆ. ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡದ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ, ಬೈಬಲ್ ಡಾಟ್ ಈಸ್ ಆ್ಯಪ್‌ನಲ್ಲಿ ಹೊಸ ಒಡಂಬಡಿಕೆಯನ್ನು ಕನ್ನಡದಲ್ಲಿ ಕೇಳಬಹುದು, ಎರಡಕ್ಕೂ ದುಡ್ಡಿಲ್ಲ. ಓದುವ ವೇಗ ಕಡಿಮೆ ಮಾಡುವ ಸೌಲಭ್ಯ ಇದ್ದರೆ ಒಂದು ಮೆಟ್ಟಿಲು ಇಳಿಸಿ. ಚಿಕ್ಕ ಸ್ಪೀಕರ್ ಒಂದನ್ನು ದಿಂಬಿನ ಹತ್ತಿರ ಇಡಿ, ಕೋಣೆಯ ಆ ತುದಿಯಲ್ಲಿ ಬೇಡ. ಒಂದು ಅಧ್ಯಾಯ ಮುಗಿದ ಮೇಲೆ ತಾನಾಗಿ ನಿಲ್ಲುವ ಹಾಗೆ ಮಾಡಿ.

ಇನ್ನು ಪುಸ್ತಕ. ಏಮಿ ಕಾರ್ಮೈಕಲ್ ಹೆಸರು ಅಮ್ಮ ಕೇಳಿರಬಹುದು. ಐರ್ಲೆಂಡಿನ ಹೆಂಗಸು. 1895ರಲ್ಲಿ ಭಾರತಕ್ಕೆ ಬಂದಾಗ ಮೊದಲು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲೇ, ಆಮೇಲೆ ತಿರುನೆಲ್ವೇಲಿ ಕಡೆಯ ಡೋಹ್ನಾವೂರಿನಲ್ಲಿ ಮಕ್ಕಳಿಗೆ ಮನೆ ಕಟ್ಟಿದರು. 1931ರಲ್ಲಿ ಬಿದ್ದು ಕಾಲು ಮುರಿಯಿತು. ಅಲ್ಲಿಂದ 1951ರಲ್ಲಿ ತೀರಿಕೊಳ್ಳುವವರೆಗೆ ಹೆಚ್ಚುಕಡಿಮೆ ಹಾಸಿಗೆಯಲ್ಲೇ ಕಳೆದರು, ಅಲ್ಲಿಂದಲೇ ಪುಸ್ತಕದ ಮೇಲೆ ಪುಸ್ತಕ ಬರೆದರು. ರೋಸ್ ಫ್ರಮ್ ಬ್ರಯರ್ ಅಂತ ಒಂದಿದೆ, ಕಾಯಿಲೆಯವಳು ಕಾಯಿಲೆಯವರಿಗೆ ಬರೆದ ಪತ್ರಗಳು. ರೋಗಿಗಳಿಗೆ ಅಂತ ಆರೋಗ್ಯವಂತರು ಬರೆದ ಸಮಾಧಾನದ ಬರಹ ಅವರಿಗೆ ತಾಗಲಿಲ್ಲವಂತೆ. ಅದಕ್ಕೇ ಬರೆದರು. ಪುಸ್ತಕ ಇಂಗ್ಲಿಷಿನಲ್ಲಿದೆ. ಪರವಾಗಿಲ್ಲ, ನೀವು ಒಂದು ಪತ್ರ ಮೊದಲೇ ಓದಿಕೊಂಡು ಅಮ್ಮನಿಗೆ ನಿಮ್ಮ ಮಾತಿನಲ್ಲಿ ಹೇಳಿ. ಪುಸ್ತಕದ ಕನ್ನಡಕ್ಕಿಂತ ಮಗಳ ಕನ್ನಡ ಚೆನ್ನಾಗಿರುತ್ತದೆ.

ಇನ್ನೊಂದು ವಿಷಯ. ಅವರಿಗೆ ಬರೀ ಕೇಳಿಸಬೇಡಿ, ಅವರಿಂದ ಏನಾದರೂ ಮಾಡಿಸಿ. ಸಂಗೀತ ಪುಸ್ತಕ ತೆಗೆದು "ಅಮ್ಮಾ, ಈ ಹಾಡಿನ ರಾಗ ಮರೆತುಹೋಗಿದೆ" ಅನ್ನಿ. ಸುಳ್ಳಾದರೂ ಚಿಂತೆಯಿಲ್ಲ, ಪಾದ್ರಿ ಅಯ್ಯನವರ ಹತ್ತಿರ ನಾನು ಮಾತಾಡುತ್ತೇನೆ.

*

ಮೇಡಂ, ಮಗನಿಗೆ 15. ಬೈಬಲ್ ಬೋರ್ ಅನ್ನುತ್ತಾನೆ. ಕುಟುಂಬ ಪ್ರಾರ್ಥನೆಗೆ ಕೂತರೂ ಫೋನ್ ಕೆಳಗಿಡಲ್ಲ. ಸಿನಿಮಾ, ಸೀರೀಸ್ ಏನಾದರೂ ತೋರಿಸಿ ದಾರಿಗೆ ತರಬಹುದಾ?
— ಅಪ್ಪ, ಯಲಹಂಕ

ದಾರಿಗೆ ತರೋಕೆ ಅಂತ ತೋರಿಸಿದರೆ ಅವನಿಗೆ ಮೊದಲ ಐದು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ ಸರ್. ಸುಮ್ನೆ ಒಟ್ಟಿಗೆ ನೋಡಿ.

ದಿ ಚೋಸನ್ ಎನ್ನುವ ಸೀರೀಸ್ ಇದೆ, ಯೇಸು ಮತ್ತು ಅವನ ಶಿಷ್ಯರ ಕತೆ. ಡಲ್ಲಸ್ ಜೆಂಕಿನ್ಸ್ ಎಂಬವರು ಜನರಿಂದಲೇ ಹಣ ಕೂಡಿಸಿ ಮಾಡಿದ್ದು, ಮೊದಲ ಸೀಸನ್ 2019ರಲ್ಲಿ ಬಂತು. ಅದರದೇ ಆ್ಯಪ್‌ನಲ್ಲಿ ಉಚಿತವಾಗಿ ನೋಡಬಹುದು. ಪೇತ್ರ ಇಲ್ಲಿ ಸಾಲದಲ್ಲಿ ಮುಳುಗಿದ ಮೀನುಗಾರ, ಮತ್ತಾಯ ಜನರ ಜೊತೆ ಬೆರೆಯಲು ಬಾರದ, ಲೆಕ್ಕ ಬಿಟ್ಟರೆ ಬೇರೆ ಗೊತ್ತಿಲ್ಲದ ಹುಡುಗ. ನಿಮ್ಮ ಮಗನ ಕ್ಲಾಸಿನಲ್ಲಿ ಇಂಥವರು ಇಬ್ಬರಾದರೂ ಇರುತ್ತಾರೆ. ಆದರೆ ಒಂದು ಎಚ್ಚರ: ಅಲ್ಲಿನ ಎಷ್ಟೋ ಮಾತು, ಎಷ್ಟೋ ಘಟನೆ ಬೈಬಲಿನಲ್ಲಿ ಇಲ್ಲ, ಕತೆಗಾಗಿ ಸೇರಿಸಿದ್ದು. ಇದನ್ನೇ ಆಟ ಮಾಡಿಕೊಳ್ಳಿ. ಒಂದು ಕಂತು ನೋಡಿ, "ಇದರಲ್ಲಿ ಯಾವುದು ಬೈಬಲಿನಲ್ಲಿಲ್ಲ, ಹುಡುಕು ನೋಡೋಣ" ಅನ್ನಿ. ಅಪ್ಪನ ತಪ್ಪು ಹಿಡಿಯೋಕೆ ಅಂದರೆ 15ರ ಹುಡುಗ ಯಾವ ಪುಸ್ತಕ ಬೇಕಾದರೂ ತೆಗೆಯುತ್ತಾನೆ.

ಕ್ರೀಡೆ ಇಷ್ಟವಾದರೆ 1981ರ ಚಾರಿಯಟ್ಸ್ ಆಫ್ ಫೈರ್. ಎರಿಕ್ ಲಿಡ್ಡೆಲ್ ಎಂಬ ಸ್ಕಾಟ್ಲೆಂಡಿನ ಓಟಗಾರ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರ ಓಡುವುದಿಲ್ಲ ಎಂದು ತನ್ನ 100 ಮೀಟರ್ ಓಟವನ್ನೇ ಬಿಟ್ಟ, ಆಮೇಲೆ 400 ಮೀಟರ್ ಓಡಿ ಚಿನ್ನ ಗೆದ್ದ. ಸಿನಿಮಾ ನಿಧಾನ, ಮಗ ಮಧ್ಯೆ ಎದ್ದು ಹೋದರೆ ಬೈಯಬೇಡಿ. ಆ ಲಿಡ್ಡೆಲ್ ಮುಂದೆ ಚೀನಾಕ್ಕೆ ಮಿಷನರಿಯಾಗಿ ಹೋಗಿ, 1945ರಲ್ಲಿ ಜಪಾನಿಯರ ಬಂಧನ ಶಿಬಿರದಲ್ಲಿ ತೀರಿಕೊಂಡ. ನನ್ನನ್ನು ಕೇಳಿದರೆ ಓಟಕ್ಕಿಂತ ಆ ಭಾಗವೇ ದೊಡ್ಡದು. ಚಿಕ್ಕ ತಂಗಿ, ತಮ್ಮ ಇದ್ದರೆ 1998ರ ಪ್ರಿನ್ಸ್ ಆಫ್ ಈಜಿಪ್ಟ್ ಹಾಕಿ. ಮೋಶೆಯ ಕತೆ, ಕಾರ್ಟೂನು, ಹಾಡುಗಳೂ ಚೆನ್ನಾಗಿವೆ. ಅಜ್ಜಿ ಜೊತೆ ಕನ್ನಡದಲ್ಲೇ ನೋಡಬೇಕು ಅಂದರೆ 1979ರ ಜೀಸಸ್ ಚಿತ್ರ ಇದೆ, ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಲೂಕನ ಸುವಾರ್ತೆಯನ್ನು ಹಿಡಿದು ಮಾಡಿದ್ದು, ಕನ್ನಡದಲ್ಲೂ ಸಿಗುತ್ತದೆ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಒಂದು ಶುಭ ಶುಕ್ರವಾರ, ಚೆನ್ನಾಗಿರುತ್ತದೆ ಅಂತ 12 ವರ್ಷದ ತಂಗಿ ಮಗನಿಗೆ 2004ರ ದಿ ಪ್ಯಾಶನ್ ಆಫ್ ದ ಕ್ರೈಸ್ಟ್ ತೋರಿಸಿಬಿಟ್ಟೆ. ಚಾಟಿ ಏಟಿನ ದೃಶ್ಯದಲ್ಲಿ ಎದ್ದು ಹೋಗಿ ವಾಂತಿ ಮಾಡಿದ. ದೊಡ್ಡವರೇ ಗಟ್ಟಿ ಮನಸ್ಸು ಮಾಡಿ ನೋಡುವ ಸಿನಿಮಾ ಅದು. ಮಕ್ಕಳಿಗೆ ಬೇಡ.

ಬೈಬಲ್ ಬೋರ್ ಅನ್ನುವವನಿಗೆ ಮಾರ್ಕನ ಸುವಾರ್ತೆ ಒಂದನ್ನೇ ಕೊಡಿ. 16 ಅಧ್ಯಾಯ. ಗಟ್ಟಿಯಾಗಿ ಓದಿದರೆ ಸುಮಾರು ಒಂದೂವರೆ ಗಂಟೆ, ಒಂದು ಸಿನಿಮಾಕ್ಕಿಂತ ಕಡಿಮೆ. ಮಾರ್ಕನಿಗೆ ಉಸಿರಾಡೋಕೂ ಪುರುಸೊತ್ತಿಲ್ಲ, ಕ್ರಿಸ್ಮಸ್ ಕತೆ ಕೂಡ ಹೇಳದೆ ನೇರ ಕೆಲಸಕ್ಕಿಳಿಯುತ್ತಾನೆ. ಮತ್ತೆ ಆ ಫೋನ್ ವಿಷಯ: ಪ್ರಾರ್ಥನೆ ಹೊತ್ತಿಗೆ ನಿಮ್ಮ ಫೋನ್ ಎಲ್ಲಿರುತ್ತದೆ ಸರ್?

*

ಆಂಟಿ, ನಾನು ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು ಜಪಸರ ಹಿಡಿದರೆ ಎರಡನೇ ಹತ್ತು ಮಣಿ ದಾಟುವುದರೊಳಗೆ ನಿದ್ದೆ. ಗುರುವಾರ ಬಾಲಯೇಸುವಿನ ದೇವಾಲಯಕ್ಕೆ ಹೋದರೂ ಏನೂ ಅನಿಸಲ್ಲ. ನನ್ನ ವಿಶ್ವಾಸವೇ ಒಣಗಿದೆಯೇನೋ ಅಂತ ಭಯ.
— ವಿವೇಕನಗರ

ಮಗಳೇ, ರಾತ್ರಿಯಿಡೀ ಇನ್ನೊಬ್ಬರ ಮೈ ಒರೆಸಿ, ಡ್ರಿಪ್ ಬದಲಾಯಿಸಿ ಬಂದವಳಿಗೆ ನಿದ್ದೆ ಬರದಿದ್ದರೆ ಅದಕ್ಕೆ ಭಯಪಡಬೇಕು.

ಲಿಸಿಯೋದ ಸಂತ ತೆರೇಸಾ ಗೊತ್ತಲ್ವಾ, ಗುಲಾಬಿ ಹಿಡಿದಿರುವ ಫ್ರಾನ್ಸಿನ ಪುಟ್ಟ ಸಂತೆ? ಆಕೆಗೂ ಇದೇ ತೊಂದರೆ. ಪ್ರಾರ್ಥನೆ ಹೊತ್ತಿನಲ್ಲಿ ತೂಕಡಿಸುತ್ತಿದ್ದಳು. ಎಚ್ಚರ ಇದ್ದಾಗ ಮುದ್ದಿಸುವಷ್ಟೇ ಅಪ್ಪ ಅಮ್ಮ ಮಲಗಿದ ಮಗುವನ್ನೂ ಮುದ್ದಿಸುತ್ತಾರೆ, ದೇವರಿಗೂ ಹಾಗೇ ಇರಬೇಕು ಎಂದು ಸಮಾಧಾನ ಮಾಡಿಕೊಂಡಳು. 24ಕ್ಕೇ ಕ್ಷಯದಿಂದ ತೀರಿಕೊಂಡಳು. ಸತ್ತ ಮರುವರ್ಷ, 1898ರಲ್ಲಿ, ಅವಳ ಆತ್ಮಕತೆ ಬಂತು. ಸ್ಟೋರಿ ಆಫ್ ಎ ಸೋಲ್ ಎಂದು ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತದೆ. ನೂರು ವರ್ಷದ ಮೇಲೆ, 1997ರಲ್ಲಿ, ಧರ್ಮಸಭೆ ಈ ತೂಕಡಿಸುವ ಹುಡುಗಿಯನ್ನು ತನ್ನ ಮಹಾ ಬೋಧಕರ ಸಾಲಿನಲ್ಲಿ ಕೂರಿಸಿತು. ಪುಸ್ತಕದ ಶುರು ಸ್ವಲ್ಪ ಸಕ್ಕರೆ ಜಾಸ್ತಿ, ತಾಳಿಕೊಂಡು ಓದಿ.

"ಏನೂ ಅನಿಸಲ್ಲ" ಅಂದಿರಲ್ಲ, ಅದಕ್ಕೆ ಬೇರೆ ಪುಸ್ತಕ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಕಮ್ ಬಿ ಮೈ ಲೈಟ್ ಎಂಬ ಹೆಸರಿನಲ್ಲಿ ಹೊರಬಂದವು. ಕೋಲ್ಕತ್ತದ ಬೀದಿಯಲ್ಲಿ ನಗುನಗುತ್ತಾ ಓಡಾಡಿದ ಆ ಹೆಂಗಸು ಒಳಗೆ ವರ್ಷಾನುಗಟ್ಟಲೆ ಕತ್ತಲು ಅನುಭವಿಸಿದ್ದರು, ದೇವರು ಇಲ್ಲವೇ ಇಲ್ಲವೇನೋ ಅನ್ನುವಷ್ಟು. ಓದಿದವರು ಕೆಲವರು ಗಾಬರಿಯಾದರು. ನನಗೆ ಮಾತ್ರ ಆ ಪುಸ್ತಕ ಓದಿದ ಮೇಲೆ ಅವರ ಮೇಲಿನ ಗೌರವ ಎರಡು ಪಟ್ಟಾಯಿತು. ಒಂದೇ ಸಲಕ್ಕೆ ಓದಬೇಡಿ, ಭಾರವಾಗುತ್ತದೆ.

ಡ್ಯೂಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳೋಕೆ ಬ್ರದರ್ ಲಾರೆನ್ಸ್. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ಕೆಲಸ ಮಾಡಿಕೊಂಡಿದ್ದವರು. ಪಾತ್ರೆ ಸದ್ದಿನ ನಡುವೆಯೂ, ಪೂಜೆಯಲ್ಲಿ ಮೊಣಕಾಲೂರಿದಾಗಲೂ ದೇವರು ಒಂದೇ ಹತ್ತಿರ ಎನ್ನುವುದೇ ಅವರ ಇಡೀ ಪಾಠ. ಪುಸ್ತಕದ ಹೆಸರು ದಿ ಪ್ರಾಕ್ಟೀಸ್ ಆಫ್ ದ ಪ್ರೆಸೆನ್ಸ್ ಆಫ್ ಗಾಡ್, ಅಂಗೈ ಅಗಲ, ಇಂಟರ್ನೆಟ್‌ನಲ್ಲಿ ಉಚಿತ.

*

ನಾನು ಕ್ರೈಸ್ತನಲ್ಲ. ಪಕ್ಕದ ಮನೆಯವರು ಕ್ರಿಸ್ಮಸ್‌ಗೆ ಕೇಕ್ ಜೊತೆ ಒಂದು ಹೊಸ ಒಡಂಬಡಿಕೆ ಕೊಟ್ಟರು, ಓದಿದೆ, ಹಿಡಿಸಿತು. ಕ್ರಿಸ್ತನ ಬಗ್ಗೆ ಒಳ್ಳೆ ಕನ್ನಡದಲ್ಲಿ ಇನ್ನೇನಿದೆ?
— ನಿವೃತ್ತ ಬ್ಯಾಂಕ್ ನೌಕರ, ಚಾಮರಾಜಪೇಟೆ

ಈ ಪ್ರಶ್ನೆಗೆ ನಮ್ಮ ಸಭೆಯವರೇ ಉತ್ತರ ಹೇಳಲ್ಲ ನೋಡಿ, ಗೊತ್ತಿಲ್ಲ ಅವರಿಗೆ.

ನೇರವಾಗಿ ಮಂಜೇಶ್ವರದ ಗೋವಿಂದ ಪೈಗಳ ಗೊಲ್ಗೊಥಾ ಹಿಡಿಯಿರಿ. ಯೇಸುವಿನ ಕೊನೆಯ ದಿನದ ಮೇಲೆ ಬರೆದ ಖಂಡಕಾವ್ಯ. ಬುದ್ಧನ ಕೊನೆಯ ದಿನದ ಮೇಲೂ ಅವರೇ ವೈಶಾಖಿ ಬರೆದರು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಾವು ಹೇಗೆ ಶಾಂತ, ಇನ್ನೊಂದು ಹೇಗೆ ಸುಡುವ ಬಿಸಿಲು ಅಂತ ಗೊತ್ತಾಗುತ್ತದೆ. ಭಾಷೆ ಗಟ್ಟಿ, ನಿಘಂಟು ಪಕ್ಕದಲ್ಲಿರಲಿ. ಕನ್ನಡ ಕಾವ್ಯಕ್ಕೆ ಅಂಟಿಕೊಂಡಿದ್ದ ಪ್ರಾಸವನ್ನು 1911ರಲ್ಲಿ ಧೈರ್ಯ ಮಾಡಿ ಬಿಟ್ಟವರು ಪೈಗಳು, ಅಂಥವರ ಕೈಯಲ್ಲಿ ಶಿಲುಬೆಯ ಕತೆ ಭಜನೆಯಾಗಲಿಲ್ಲ, ಕಾವ್ಯವಾಯಿತು. ಶುಭ ಶುಕ್ರವಾರದ ಮಧ್ಯಾಹ್ನ ಅದರಿಂದ ನಾಲ್ಕು ಸಾಲು ಓದಿದ್ದನ್ನು ಯಾವ ಚರ್ಚಿನಲ್ಲೂ ನಾನು ಕೇಳಿಲ್ಲ. ಹೇಳಿ ಹೇಳಿ ಸಾಕಾಗಿದೆ.

ನಿಘಂಟು ಅಂದೆನಲ್ಲ, ಎಂ.ಜಿ. ರೋಡಿನಲ್ಲಿ ಮೇಯೊ ಹಾಲ್ ಹತ್ತಿರ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ಸಾಹೇಬರೂ ಯೇಸುವಿನ ಕತೆ ಬರೆದಿದ್ದಾರೆ. ಎಲ್ಲರಿಗೂ 1894ರ ಅವರ ನಿಘಂಟು ಗೊತ್ತು. ಅದಕ್ಕೂ ಮುಂಚೆ 1862ರಲ್ಲಿ, ಕಥಾಮಾಲೆ ಎಂದು, ನಮ್ಮದೇ ಛಂದಸ್ಸಿನಲ್ಲಿ ಕ್ರಿಸ್ತನ ಜೀವನ ಬರೆದರು, ಜರ್ಮನಿಯಿಂದ ಬಂದ ಮನುಷ್ಯ. ಹಳೆಯ ಗ್ರಂಥಾಲಯದಲ್ಲಿ ಹುಡುಕಬೇಕಾಗುತ್ತದೆ. ಇಂಗ್ಲೆಂಡಿನ ಲೇಖಕ ಜಾನ್ ಬನಿಯನ್ ಬರೆದ ಯಾತ್ರಿಕನ ಕತೆಯೂ 19ನೇ ಶತಮಾನದಲ್ಲೇ ಯಾತ್ರಿಕನ ಸಂಚಾರ ಆಗಿ ಕನ್ನಡಕ್ಕೆ ಬಂದಿದೆ. ಭಾನುವಾರ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಕಣ್ಣಾಡಿಸಿ, ಅದೃಷ್ಟ ಇದ್ದರೆ ಸಿಗುತ್ತದೆ. ಹೊಸ ಬೈಬಲ್ ಬೇಕಾದರೆ ಎಂ.ಜಿ. ರೋಡಿನಲ್ಲೇ ಬೈಬಲ್ ಸೊಸೈಟಿಯ ಕಚೇರಿ ಇದೆ.

ಪಕ್ಕದ ಮನೆಯವರಿಗೆ ಯುಗಾದಿಗೆ ಹೋಳಿಗೆ ಜೊತೆ ಗೊಲ್ಗೊಥಾ ಕೊಡಿ ಸರ್. ಅವರ ಮುಖ ನೋಡಬೇಕು ನಾನು.

*

ಯಜಮಾನರು ಹೋಗಿ 8 ತಿಂಗಳಾಯಿತು. ಬಂದವರೆಲ್ಲ "ದೇವರ ಚಿತ್ತ" ಎಂದು ಹೇಳಿ ಒಂದೊಂದು ಪುಸ್ತಕ ಕೊಟ್ಟು ಹೋಗಿದ್ದಾರೆ. ಒಂದನ್ನೂ ತೆರೆಯಲು ಮನಸ್ಸಿಲ್ಲ. ಇಂಗ್ಲಿಷ್ ಆದರೂ ಪರವಾಗಿಲ್ಲ, ನಿಜ ಹೇಳುವ ಒಂದು ಪುಸ್ತಕ ಹೇಳಿ.
— ಕುಕ್ ಟೌನ್

ತೆರೆಯಬೇಡಿ. ಬೀರುವಿನಲ್ಲಿ ಇರಲಿ.

ನಾರ್ನಿಯಾ ಕತೆ ಬರೆದ ಸಿ.ಎಸ್. ಲೂಯಿಸ್ ವರ್ಷಗಟ್ಟಲೆ ಬೇರೆಯವರಿಗೆ ನಂಬಿಕೆಯ ಬಗ್ಗೆ ವಿವರಿಸಿದವರು. 1960ರಲ್ಲಿ ಹೆಂಡತಿ ಕ್ಯಾನ್ಸರ್‌ನಿಂದ ಹೋದರು. ಆಗ ಮನೆಯಲ್ಲಿ ಸಿಕ್ಕ ಖಾಲಿ ನೋಟ್‌ಬುಕ್‌ಗಳಲ್ಲಿ ಬರೆದದ್ದನ್ನು ಮರುವರ್ಷ ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಎ ಗ್ರೀಫ್ ಅಬ್ಸರ್ವ್ಡ್. ತೀರಾ ಚಿಕ್ಕದು. ಅದರಲ್ಲಿ ದೇವರ ಮೇಲೆ ಕೋಪ ಇದೆ, ಮುಚ್ಚಿದ ಬಾಗಿಲು ಬಡಿದ ಕೈ ಇದೆ, ನೆನಪಿನಲ್ಲಿ ಹೆಂಡತಿಯ ಮುಖ ಮಸುಕಾಗುವ ಭಯ ಇದೆ. ಬರೆದವರು ಯಾರೆಂದು ಗೊತ್ತಿಲ್ಲದ ಗೆಳೆಯರು ಅದೇ ಪುಸ್ತಕವನ್ನು ತಂದು "ಓದಿ, ಸಮಾಧಾನ ಆಗುತ್ತದೆ" ಎಂದು ಅವರಿಗೇ ಕೊಟ್ಟರಂತೆ! ಪುಸ್ತಕ ಕೊಡುವ ಜನ ಎಲ್ಲಾ ಕಡೆ ಇರುತ್ತಾರೆ.

ಬೈಬಲ್ ತೆರೆದರೆ 88ನೆಯ ಕೀರ್ತನೆ. ಉಳಿದ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಿ ಒಂದು ಸ್ತುತಿಯ ಮಾತಿಗೆ ತಿರುಗುತ್ತವೆ. ಇದು ತಿರುಗಲ್ಲ. ಕತ್ತಲಲ್ಲೇ ಶುರು, ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಬೇರೆ ಏನೂ ಹೇಳಲ್ಲ. ಕುಕ್ ಟೌನ್ ನನಗೆ ದೂರ ಅಲ್ಲ, ಮಾತಾಡಬೇಕು ಅನಿಸಿದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ, ಬರುತ್ತೇನೆ. ಪುಸ್ತಕ ತರುವುದಿಲ್ಲ.

*

ನಮ್ಮ ಪ್ರಾರ್ಥನೆ ಕೂಟದ ವಾಟ್ಸಾಪ್ ಗ್ರೂಪ್‌ನಲ್ಲಿ ದಿನಕ್ಕೆ 30 ವಿಡಿಯೋ. 10 ಜನಕ್ಕೆ ಕಳಿಸಿ, ಬೀಜದ ಕಾಣಿಕೆ ಹಾಕಿ, ಹೀಗೆಲ್ಲ. ಬಿಟ್ಟರೆ ಪಾಪ ಬರುತ್ತಾ?
— ಕೆ.ಆರ್. ಪುರ

ಬರಲ್ಲ. ಮ್ಯೂಟ್ ಮಾಡಿ. ಬೀಜದ ಕಾಣಿಕೆ ಅಂತ ದುಡ್ಡು ಕೇಳುವ ವಿಡಿಯೋ ಅಂತೂ ಪೂರ್ತಿ ನೋಡಲೂ ಬೇಡಿ. ಒಂದು ಕಷ್ಟದ ತಿಂಗಳು ನಾನೂ 2,000 ರೂಪಾಯಿ ಕಳಿಸಿದ್ದೆ. ಬಂದದ್ದು ಒಂದು ಎಣ್ಣೆ ಬಾಟಲು, ಮತ್ತೆ ಕಳಿಸಿ ಎನ್ನುವ ಕರೆ.

ದಿನಕ್ಕೊಂದು ವಾಕ್ಯ ಅನ್ನುವ ಅಭ್ಯಾಸ ಮಾತ್ರ ಒಳ್ಳೆಯದು, ಹಳೆಯದೂ ಹೌದು. 1728ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಪುಟ್ಟ ಊರಿನಲ್ಲಿ ಜಿನ್‌ಜೆಂಡಾರ್ಫ್ ಎಂಬವರು ಮಾರನೇ ದಿನಕ್ಕೆ ಅಂತ ಜನರಿಗೆ ಒಂದು ವಾಕ್ಯ ಕೊಟ್ಟರು. ಬೆಳಿಗ್ಗೆ ಯಾರಾದರೂ ಮನೆಮನೆಗೆ ಹೋಗಿ ಆ ದಿನದ ವಾಕ್ಯ ಹೇಳಿ, ಹಾಗೇ ಆ ಮನೆಯವರ ಯೋಗಕ್ಷೇಮ ನೋಡಿಕೊಂಡು ಬರುತ್ತಿದ್ದರು. 1731ರಿಂದ ಅದು ವರ್ಷ ವರ್ಷ ಅಚ್ಚಾಗುತ್ತಿದೆ, ಇವತ್ತಿಗೂ. ಅದೂ ಫಾರ್ವರ್ಡೇ ಅಲ್ವಾ, ಆದರೆ ಕಾಲಲ್ಲಿ ನಡೆದು ಹೋಗಿ ಮಾಡಿದ್ದು. ನಿಮಗೆ ಚಿಕ್ಕ ಧ್ಯಾನ ಬೇಕಾದರೆ ಅವರ್ ಡೈಲಿ ಬ್ರೆಡ್ ಕನ್ನಡದಲ್ಲೂ ಇದೆ, ಒಂದು ದಿನಕ್ಕೆ ಒಂದು ಪುಟ.

*

ಅಜ್ಜಿಯ ಬೈಬಲ್ ಪೂರ್ತಿ ಹರಿದಿದೆ. ಎಸೆಯಲು ಮನಸ್ಸಿಲ್ಲ, ಓದಲೂ ಆಗಲ್ಲ. ಬೈಂಡ್ ಮಾಡಿಸಬಹುದಾ?
— ಹೆಣ್ಣೂರು

ಧಾರಾಳವಾಗಿ. ಕೊಡುವ ಮುಂಚೆ ಮೊದಲ ಖಾಲಿ ಹಾಳೆಗಳನ್ನು ಫೋಟೋ ತೆಗೆದುಕೊಳ್ಳಿ, ನಮ್ಮ ಮನೆಗಳಲ್ಲಿ ಹುಟ್ಟಿದವರು, ಹೋದವರು, ದೀಕ್ಷಾಸ್ನಾನದ ದಿನ ಎಲ್ಲಾ ಅಲ್ಲೇ ಬರೆದಿಡುತ್ತಿದ್ದರು. ಒಳಗೆ ಒಣಗಿದ ಹೂವು, ಹಳೇ ಚೀಟಿ ಇದ್ದರೆ ಯಾವ ಪುಟದಲ್ಲಿತ್ತು ಅಂತ ಬರೆದುಕೊಂಡು ತೆಗೆಯಿರಿ. ಬೈಂಡರ್‌ಗೆ ಒಂದು ಮಾತು ಮೊದಲೇ ಗಟ್ಟಿಯಾಗಿ ಹೇಳಿ: ಮೆಷಿನ್‌ಗೆ ಕೊಟ್ಟು ಅಂಚು ಕತ್ತರಿಸಬೇಡಿ. ನೀಟಾಗಿ ಕಾಣಲಿ ಅಂತ ಅವರು ಮೂರೂ ಕಡೆ ಕತ್ತರಿಸಿಬಿಡುತ್ತಾರೆ. ಅಜ್ಜಿ ಪೆನ್ಸಿಲ್‌ನಲ್ಲಿ ಬರೆದದ್ದೆಲ್ಲ ಆ ಅಂಚಿನಲ್ಲೇ ಇರುತ್ತದೆ.